ಕಾಕಾ ಹಾಕಿಸಿದ ಕರಿ ಪೈಪು

ನಾನು ದುಧನಿಯಿಂದ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ನನ್ನನ್ನು ಬಾವಿಗೆ ಕರೆದುಕೊಂಡು ಹೋಗಿದ್ದರು. ಅಕ್ಕಲಕೋಟ ಕಡೆಯ ನಮ್ಮ ಹೊಲದ ಆ ಬಾವಿ ಎರಡು ಮನೆಗಳ ಪಾಲಿನದು. ಒಂದು ದಿನ ನೀರು ನಮಗೆ, ಮರುದಿನ ತೀರಿಹೋದ ಮಾವನ ತಮ್ಮನಿಗೆ. ಅವರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ; ಅತ್ತಿಗೆಯಾದ ಅತ್ತೆಯನ್ನು ಅವರು ವೈನಿ ಅನ್ನುತ್ತಾರೆ. ಮೋಟಾರು ಒಂದೇ.

"ಪಾಳಿ ತಪ್ಪಬಾರದು. ಕಾಕಾನ ಮ್ಯಾಲ ಒಂದ ಕಣ್ಣಿರ್ಲಿ," ಎಂದಿದ್ದರು ಅತ್ತೆ.

ಕೆಲವು ವರ್ಷದ ಹಿಂದೆ ಒಂದು ಮುಂಜಾನೆ ಕಾಕಾನ ಹೊಲಕ್ಕೆ ಟೆಂಪೋ ಬಂತು. ಕರಿ ಪೈಪಿನ ಸುರುಳಿ ಇಳಿಸಿದರು. ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ ಡ್ರಿಪ್ ಅಂತೆ.

"ಇಷ್ಟ ದಿನ ಕಾಲುವ್ಯಾಗ ನೀರ ಬಿಟ್ಟಂವಗ ಈಗ ಯಾಕ ಬೇಕಾತು ಇದು? ಏನೋ ಐತಿ ಒಳಗ. ನೀ ಹೋಗಿ ಕಾಕು ಕೂಡ ಮಾತಾಡಿ ಬಾ," ಎಂದು ಅತ್ತೆ ನನ್ನನ್ನು ಅಟ್ಟಿದರು.

ಕಾಕಾನ ಹೆಂಡತಿ ಕಾಕು ಉಳ್ಳಾಗಡ್ಡಿ ಸಾಲಿನ ನಡುವೆ ಕೂತಿದ್ದರು. "ಮೊಣಕಾಲ ಹಿಡದಾವ ನನಗ. ಕೆಸರಾಗ ನಿಂತು ಮಡಿಗೆ ನೀರ ತಿರುವೂದು ಆಗೂದಿಲ್ಲ. ಇದಕ್ಕ ನಳ ತಿರುವಿದ್ರ ಆತು," ಎಂದರು.

ಬಂದು ಹೇಳಿದೆ. ಅತ್ತೆ ಜೋಳ ಹಸನ ಮಾಡುತ್ತಿದ್ದ ಮೊರ ಕೆಳಗಿಟ್ಟರು. "ಹೆಂಡತಿ ಮೊಣಕಾಲಿಗಂತ ಪೈಪ ಹಾಕಸ್ತಾನ? ಅಂವ? ನೀ ಇನ್ನಾ ಸಣ್ಣಾಕಿ ಇದ್ದಿ."

ನಾನು ನಕ್ಕೆ. ಆದರೆ ಮರುದಿನದಿಂದ ನಾನೂ ಹೋಗಿಬಂದಾಗಲೆಲ್ಲ ಬಾವಿಗೆ ಇಣುಕತೊಡಗಿದೆ. ಕಾಕಾನ ಪಾಳಿಯ ದಿನ ಮೋಟಾರಿನ ಸದ್ದು ಕೇಳಿದರೆ ರೊಟ್ಟಿ ಬಡಿಯುವ ಕೈ ತಾನಾಗಿ ನಿಲ್ಲುತ್ತಿತ್ತು.

ಮಳೆಗಾಲ ಮುಗಿಯಿತು. ಕಾಕಾ ತಮ್ಮ ಮರಡಿಗೆ ಟ್ರ್ಯಾಕ್ಟರ್ ಹೊಡೆಸಿದರು. ಎತ್ತರದ ಕಲ್ಲು ನೆಲ ಅದು, ಕುರಿ ಮೇಯಲು ಬಿಟ್ಟದ್ದು. ಅಲ್ಲಿ ಲಿಂಬೆ ಸಸಿ ನೆಟ್ಟು ಅಲ್ಲಿಗೂ ಪೈಪು ಎಳೆದರು. ಆ ಸಲ ಬೇಸಿಗೆಗೆ ಮೊದಲೇ ಬಾವಿಯ ತಳದ ಕಲ್ಲು ಕಾಣಿಸಿತು.

ಅತ್ತೆ ಬೀರೋಬಾ ದೇವರ ಭಂಡಾರದ ಅರಿಶಿಣ ಸೆರಗಿನಲ್ಲಿ ಕಟ್ಟಿಕೊಂಡು ಬಾವಿಗೆ ನಡೆದರು. ನಾನು ಹಿಂದೆ ಓಡಿದೆ.

"ಇದನ್ನ ಮುಟ್ಟಿ ಹೇಳು. ನನ್ನ ಪಾಳಿ ನೀರ ಕದ್ದೀಯೋ ಇಲ್ಲೋ?"

ಕಾಕಾ ತಲೆಯ ಟೊಪ್ಪಿಗೆ ತೆಗೆದರು. ಅರಿಶಿಣ ಮುಟ್ಟಿ ಹಣೆಗೆ ಹಚ್ಚಿಕೊಂಡರು. "ಇಲ್ಲ ವೈನಿ. ನನ್ನ ಪಾಳಿ ದಿನಾನ ಮೋಟಾರ ಹಚ್ಚೀನಿ. ಪೈಪಿನಿಂದ ಕೆಳಗಿನ ಹೊಲದಾಗ ಉಳದ ನೀರ ಮ್ಯಾಲ ಮರಡಿಗೆ ಕೊಟ್ಟೀನಿ. ನನ್ನ ನೀರ ನಾ ಎಲ್ಲ್ಯಾರ ಹಾಕ್ತೀನಿ."

ಅತ್ತೆ ಭಂಡಾರವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮನೆಗೆ ನಡೆದರು. ಸಂಜೆ ನನ್ನ ಗಂಡ ಮನೆಗೆ ಬಂದಾಗ ಅತ್ತೆ ಕೇಳಿದರು: "ಸೋಲಾಪುರದಾಗ ಆ ಪೈಪಿನ ಅಂಗಡಿ ಎಲ್ಲೈತಿ?"

ಮರುದಿನ ಅತ್ತೆಯ ಜೊತೆ ನಾನೂ ಸೋಲಾಪುರಕ್ಕೆ ಹೋದೆ. ಅಂಗಡಿಯ ಶೇಠರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನೀರು ಎಷ್ಟು ಉಳಿಯುತ್ತದೆ ಎಂದು ವಿವರಿಸಲು ಹೊರಟರು. ಅತ್ತೆ ನಡುವೆಯೇ ತಡೆದರು. "ನೀರ ಉಳಸಾಕ ಬಂದಿಲ್ರಿ ನಾ. ನಾ ಬಿಟ್ಟ ನೀರ ನೆಲದಾಗ ಇಂಗಿ ತಿರುಗಿ ಅದ ಬಾವಿಗೆ ಹೊಂಟೈತಿ. ಅದನ್ನ ಎತ್ತಿ ಅಂವ ಲಿಂಬಿ ಬೆಳಸಾಕತ್ತಾನ. ನಂದು ನನ್ನ ಹೊಲದಾಗ ಇರ್ಬೇಕು."

ಶೇಠರು ನನ್ನ ಮುಖ ನೋಡಿದರು. ನಾನು ಪೈಪು ನೋಡಿದೆ.

ಹೀಗೆ ನಮಗೂ ಡ್ರಿಪ್ ಬಂತು. ತೊಗರಿ ಚೆನ್ನಾಗಿ ಆಯಿತು, ಕಸ ಕಡಿಮೆಯಾಯಿತು, ಬೀಳು ಬಿದ್ದಿದ್ದ ತುಂಡು ನೆಲವನ್ನು ಅತ್ತೆಯೂ ಸಾಗು ಮಾಡಿಸಿದರು. ಬಾವಿಯ ನೀರು ಮಾತ್ರ ಹೆಚ್ಚಲಿಲ್ಲ. ಆಗ ಕಾಕಾ ನಮ್ಮ ಮೇಲೆ ಸಂಶಯಪಡತೊಡಗಿದರು. ಕೊನೆಗೆ ಇಬ್ಬರೂ ಒಪ್ಪಿ ಮೋಟಾರಿನ ಪೆಟ್ಟಿಗೆಗೆ ಎರಡು ಕೀಲಿ ಹಾಕಿದರು. ಒಂದರ ಚಾವಿ ಅವರಲ್ಲಿ, ಇನ್ನೊಂದು ನಮ್ಮಲ್ಲಿ. ಯಾರ ಪಾಳಿಯಾದರೂ ಇಬ್ಬರೂ ಹೋಗಲೇಬೇಕು.

ಹೋದ ತಿಂಗಳು ಅತ್ತೆಗೆ ಜ್ವರ ಬಂತು. ಅಂದು ನಮ್ಮ ಪಾಳಿ. ಚಾವಿ ಹಿಡಿದು ನಾನೇ ಹೋದೆ.

"ವೈನಿ ಎಲ್ಲಿ?" ಎಂದರು ಕಾಕಾ.

"ಜ್ವರ ಬಂದಾವ್ರಿ."

"ಖರೇನ?" ಎಂದವರು ತಮ್ಮ ಕೀಲಿ ತೆರೆಯದೆ ಸೀದಾ ನಮ್ಮ ಮನೆಗೆ ನಡೆದರು. ಕೌದಿ ಹೊದ್ದು ಮಲಗಿದ್ದ ಅತ್ತೆಯನ್ನು ಬಾಗಿಲಲ್ಲೇ ನಿಂತು ದಿಟ್ಟಿಸಿದರು.

ಅತ್ತೆ ಕಣ್ಣು ತೆರೆದರು. "ನನ್ನ ಪಾಳಿ ದಿನ ಇಲ್ಲ್ಯಾಕ ನಿಂತೀ? ಹೊತ್ತ ಕಳ್ಯಾಕ ಬಂದೀಯೇನ?"

ಕಾಕಾ ಚಾವಿ ತೆಗೆದು ನನ್ನ ಕೈಗೆ ಕೊಟ್ಟರು. "ಹೋಗವಾ, ಮೋಟಾರ ಹಚ್ಚು. ನಾ ಇಲ್ಲೇ ಕುಂತಿರ್ತೀನಿ," ಎಂದು ಹೊಸ್ತಿಲ ಹತ್ತಿರ ಕೂತರು.

ಅತ್ತೆಯನ್ನು ನೋಡಿಕೊಳ್ಳಲು ಕೂತರೋ, ಜ್ವರ ಸುಳ್ಳೇನೋ ಎಂದು ಕಾವಲು ಕೂತರೋ, ನನಗೆ ಈಗಲೂ ತಿಳಿದಿಲ್ಲ.