ರತ್ನತ್ತೆಯ ಕೈ, ನನ್ನ ಟೈಟ್ಸ್

ಇದು ಆಗುವ ಮಾತಲ್ಲ ಎಂದವನು ನನ್ನ ಚಿಕ್ಕಪ್ಪ ನಾರಾಯಣಸ್ವಾಮಿ. ಬೂದಿಕೋಟೆ ಪಕ್ಕದ ನಮ್ಮೂರಿನ ಡೇರಿಯಲ್ಲಿ ಹಾಲು ಅಳೆಯುತ್ತಾನೆ. ಬೆಳಗ್ಗೆ ಊರೆಲ್ಲ ಕ್ಯಾನು ಹಿಡಿದು ಸಾಲು ನಿಂತಿದ್ದಾಗ, ನನ್ನಪ್ಪನಿಗೆ ಕೇಳಿಸುವಂತೆ ಅಂದ: “ನಮ್ಮ ವಂಶದಾಗೆ ಎಸ್ಸೆಲ್ಸಿ ದಾಟಿದೋರಿಲ್ಲ. ಇವಳು ಡಿಗ್ರಿ ಮಾಡ್ತಾಳಂತೆ, ಅದೂ ಡ್ಯಾನ್ಸಾಗೆ! ಮೂರು ತಿಂಗಳಿಗೆ ವಾಪಸ್ ಬಂದು ಸಗಣಿ ಬಾಚ್ತಾಳೆ, ನೋಡ್ತಾ ಇರಿ.” ಸಾಲು ನಕ್ಕಿತು. ಕೂಲಿ ಮಾಡುವ ನನ್ನಪ್ಪ ತಲೆ ತಗ್ಗಿಸಿ ಕ್ಯಾನು ಮುಂದಕ್ಕೆ ಸರಿಸಿದ. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಆಸೆಯೂ ಇಲ್ಲ.

ಕ್ಷಮಿಸದೆ ಇರುವುದನ್ನು ಕಲಿಸಿದವಳೇ ರತ್ನತ್ತೆ. ಅಪ್ಪನಿಗೂ ಚಿಕ್ಕಪ್ಪನಿಗೂ ಅಕ್ಕ. ಅವಳನ್ನು ನೆನೆದರೆ ಮುಖಕ್ಕಿಂತ ಮೊದಲು ಬಲಗೈ ಕಾಣುತ್ತದೆ. ಯಾವ ಬಟ್ಟೆ ಸಿಕ್ಕರೂ ಒಳಗೆ ಕೈ ತೂರಿಸಿ, ಐದೂ ಬೆರಳು ಅಗಲಿಸಿ, ಬೆಳಕಿಗೆ ಹಿಡಿಯುತ್ತಿದ್ದಳು. ಗಂಡನ ಬನಿಯನ್, ತರಕಾರಿ ಚೀಲ, ಯಾವುದೂ ತಪ್ಪುತ್ತಿರಲಿಲ್ಲ. ಒಂದು ಮದುವೆಯಲ್ಲಿ ಹೆಣ್ಣಿಗೆ ತಂದಿದ್ದ ರವಿಕೆಯೊಳಗೂ ಕೈ ಹಾಕಿ, “ಎಳೆ ಬಿಟ್ಟೈತೆ” ಎಂದು ಬೀಗರ ಮುಖ ಕೆಡಿಸಿದ್ದಳು.

ಅವಳನ್ನು ಕೊಟ್ಟಿದ್ದು ನಮ್ಮ ಸೀಮೆಯ ಚಿನ್ನದ ಗಣಿ, ಮೈಸೂರು ಮೈನ್ಸಿಗೆ. ಗಣಿ ಮುಚ್ಚಿತು, ಮಾವ ಮನೆ ಹಿಡಿದರು, ಅತ್ತೆ ರೈಲು ಹಿಡಿದಳು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹೊಲಿದು ಬಂದ ಬಟ್ಟೆಯಲ್ಲಿ ತಪ್ಪು ಹುಡುಕುವುದು, ಬಿಟ್ಟ ಎಳೆ ಎತ್ತಿ ಸರಿಪಡಿಸುವುದು. ಅದೇ ರೈಲಿಗೆ ನಾನು ಊರಿಂದ ಬಸ್ಸಲ್ಲಿ ಬಂದು ಬಂಗಾರಪೇಟೆಯಲ್ಲಿ ಹತ್ತಬೇಕು. ಅಲ್ಲಿಯವರೆಗೆ ಅವಳು ಪಕ್ಕದ ಸೀಟಿನ ಮೇಲೆ ಟಿಫನ್ ಬಾಕ್ಸ್ ಇಟ್ಟು ಕಾಯುತ್ತಿದ್ದಳು. ಯಾರಾದರೂ ಗೊಣಗಿದರೆ, “ನಮ್ಮುಡುಗಿ ಕಾಲೇಜಿಗೆ ಓಗ್ತಾಳೆ, ನಿಂತ್ಕೊಂಡು ಬಂದ್ರೆ ಅಲ್ಲಿ ಕುಣಿಯೋಕೆ ಕಾಲೆಲ್ಲಿ?” ಅನ್ನುತ್ತಿದ್ದಳು.

ಎರಡನೇ ವರ್ಷ ಬ್ಯಾಲೆ ಪಾಠ ಶುರುವಾಯಿತು. ಸೊಂಟದಿಂದ ಪಾದದವರೆಗೆ ಮೈಗಂಟುವ ತೆಳು ಕಾಲುಡುಪು, ಟೈಟ್ಸ್, ಕಡ್ಡಾಯ. ಎಳೆ ಹರಿದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೊದಲ ದಿನವೇ ಹೇಳಿದರು. ನಾನೊಬ್ಬಳೇ ಅಂಗಡಿಗೆ ಹೋಗಿ, ‘ಸ್ಕಿನ್ ಕಲರ್’ ಎಂದು ಬರೆದಿದ್ದ ಪ್ಯಾಕೆಟ್ ತಂದೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಕಾಲಿಗೆ ಸುಣ್ಣ ಬಳಿದಂತಿತ್ತು. ಪಕ್ಕದವಳು, “ಪೌಡರ್ ಕಾಲಿಗೂ ಹಾಕ್ತೀಯಾ?” ಅಂದಳು. ಇಡೀ ಕ್ಲಾಸು ಡೇರಿಯ ಸಾಲಿನ ಹಾಗೇ ನಕ್ಕಿತು.

ಸಂಜೆ ರೈಲಿನಲ್ಲಿ ಅತ್ತೆ ಅದರೊಳಗೆ ಕೈ ತೂರಿಸಿದಳು. “ಯಾರ ತೊಗಲಂತೆ ಇದು? ನಿಮ್ ಮೇಡಮ್ಮುಂದಾ? ನಮ್ಮ ತೊಗಲಿಗೆ ಇವರ ಅಂಗಡೀಲಿ ಹೆಸರೇ ಇಲ್ವಾ?” ಭಾನುವಾರ ನಮ್ಮನೆಗೆ ಬಂದು ಟೀಸೊಪ್ಪು ಕುದಿಸಿ, ಸೋಸಿ, ಹುಣಸೆರಸ ಹಿಂಡಿ, ಕೈ ತಡೆಯುವಷ್ಟು ಆರಿದ ಮೇಲೆ ಟೈಟ್ಸ್ ಅದ್ದಿದಳು. ಆಗಾಗ ಎತ್ತಿ ತನ್ನ ಮೊಣಕೈಗೆ ಒತ್ತಿ ನೋಡುವಳು, ಮತ್ತೆ ಅದ್ದುವಳು. ಕೊನೆಗೆ ಕೈಗೂ ಬಟ್ಟೆಗೂ ವ್ಯತ್ಯಾಸ ಕಾಣದಾಯಿತು. “ಇದು ಕಣೇ ಸ್ಕಿನ್ ಕಲರ್ರು.”

ಅದು ಉಳಿದದ್ದು ಒಂದೇ ವಾರ. ಅಮ್ಮ ಪ್ರೀತಿಯಿಂದಲೇ ಅದನ್ನು ಅಪ್ಪನ ಲುಂಗಿ ಜೊತೆ ಬಂಡೆಗೆ ಬಡಿದು, ಜಾಲಿ ಬೇಲಿ ಮೇಲೆ ಒಣಗಿಸಿದಳು. ಬಿಡಿಸಿದಾಗ ಬಟ್ಟೆಗಿಂತ ಮುಳ್ಳೇ ಹೆಚ್ಚಿತ್ತು. ಅಮ್ಮ ಅತ್ತಳು. ಮುಂದಿನ ಭಾನುವಾರ ಬಂದ ಅತ್ತೆ ಬೈಯಲಿಲ್ಲ. “ಒಗೆಯೋದಂದ್ರೆ ಬಡಿಯೋದು ಅಂತ ನಮಗೆ ಕಲಿಸವ್ರೆ. ನಿನ್ನ ತಪ್ಪೇನೈತೆ?” ಎಂದು ಪಕ್ಕದಲ್ಲಿ ಕೂತು ತೋರಿಸಿದಳು: ಒಳಮಗ್ಗಲು ಹೊರಗೆ ಮಾಡು, ತಣ್ಣೀರಿಗೆ ಒಂದಿಷ್ಟು ಶಾಂಪೂ, ಹಿಂಡಬೇಡ, ಟವಲ್ಲಿನಲ್ಲಿ ಸುತ್ತಿ ಒತ್ತು, ನೆರಳಲ್ಲಿ ಹರವು. ಎಲ್ಲಕ್ಕಿಂತ ಮೊದಲು ಅವಳ ಒಂದು ಕಟ್ಟಳೆ: “ಉಗುರು ಕತ್ತರಿಸು, ಉಂಗುರ ಬಿಚ್ಚು, ಆಮೇಲೆ ಮುಟ್ಟು.”

ಎರಡನೇ ಜೊತೆ ಕೊಳ್ಳಲು ಅವಳೇ ಬಂದಳು. ಅಂಗಡಿಯವನು ನನ್ನ ವಯಸ್ಸು ಕೇಳಿದ. “ವಯಸ್ಸು ಕಟ್ಕೊಂಡು ಏನ್ಮಾಡ್ತೀಯಪ್ಪಾ? ಎತ್ತರ ನೋಡು, ಸೊಂಟ ನೋಡು. ದೊಡ್ಡದು ಕೊಟ್ರೆ ಮೊಣಕಾಲಾಗೆ ಚೀಲ ಬೀಳ್ತೈತೆ, ಚಿಕ್ಕದು ಕೊಟ್ರೆ ಕಾಲೆತ್ತಿದಾಗ ಸೊಂಟದಿಂದ ಜಾರ್ತೈತೆ.” ಸೊಂಟದ ಪಟ್ಟಿ ಎಳೆದು ಬಿಟ್ಟಳು. ಅದು ಸೋಮಾರಿಯಾಗಿ ವಾಪಸ್ ಬಂತು. “ಬ್ಯಾಡ. ಇದು ನಮ್ಮ ನಾರಾಯಣನ ಮಾತಿದ್ದಂಗೈತೆ, ಎಳೆದಷ್ಟೂ ಬತ್ತೈತೆ.” ಐದನೆಯ ಪ್ಯಾಕೆಟ್ ಒಪ್ಪಿಗೆಯಾಯಿತು. ಅದಕ್ಕೂ ಟೀಸೊಪ್ಪಿನ ಸ್ನಾನವಾಯಿತು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಅದನ್ನು ಕೊಟ್ಟಿಗೆಯ ನೆರಳಲ್ಲಿ ಹರವಿದ್ದೆ. ಚಿಕ್ಕಪ್ಪ ಬಂದ. “ದನದ ಮನೇಲಿ ಎಂಗಸಿನ ಕಾಲು ನೇತಾಕವ್ರೆ, ಮಾನ ಐತಾ?” ಎಂದು ಕಿತ್ತೆಸೆದ. ಬೆರಳಲ್ಲಿದ್ದ ಕೆಂಪು ಹರಳಿನ ಉಂಗುರ ಸಿಕ್ಕಿಕೊಂಡು, ತೊಡೆಯಿಂದ ಪಾದದ ಹರಡಿನವರೆಗೆ ಎಳೆ ಏಣಿಯಂತೆ ಬಿಟ್ಟುಕೊಂಡಿತು. ಅವನು ಬಗ್ಗಿ ನೋಡಿದ. “ಅರಿದೋಯ್ತಾ? ಒಳ್ಳೇದಾಯ್ತು ಬಿಡು.”

ಬೆಳಗ್ಗೆ ರೈಲಿನಲ್ಲಿ ನಾನು ಟೈಟ್ಸ್ ಅತ್ತೆಯ ಮಡಿಲಿಗೆ ಹಾಕಿದೆ. ಯಾರ ಕೆಲಸ ಎಂದು ಕೇಳಿದಳು, ಹೇಳಿದೆ. ಕೋಪ ಬಂದರೆ ಅವಳು ಮೈನ್ಸಿನ ತಮಿಳಿಗೆ ಹೊರಳುತ್ತಿದ್ದಳು. ಕಿಟಕಿಯಾಚೆ, ನಮ್ಮೂರಿನ ದಿಕ್ಕಿಗೆ, “ಪೋಡಾ!” ಎಂದಳು. ಆಮೇಲೆ ಎಡಗೈ ಒಳಗೆ ತೂರಿಸಿ ಬೆರಳು ಅಗಲಿಸಿ, ಬಲಗೈಯಲ್ಲಿ ಸೂಜಿ ಹಿಡಿದು, ಬಿಟ್ಟ ಕುಣಿಕೆಗಳನ್ನು ಒಂದೊಂದಾಗಿ ಎತ್ತತೊಡಗಿದಳು. ರೈಲು ಕುಲುಕಿದಾಗ ಕೈ ನಿಲ್ಲಿಸುವಳು. ಮತ್ತೆ ಶುರು. ಅವಳಿಳಿಯುವ ಸ್ಟೇಷನ್ ಬಂತು. ಗಾರ್ಮೆಂಟ್ಸಿನ ಜೊತೆಯ ಹೆಂಗಸರು, “ರತ್ನಾ, ಇಳಿ, ಗೇಟ್ ಆಕ್ಬುಡ್ತಾರೆ!” ಎಂದು ಕೂಗಿದರು. ಇನ್ನೂ ಒಂದು ಗೇಣು ಬಾಕಿಯಿತ್ತು.

“ಗೇಟು ನಾಳೇನೂ ಇರ್ತೈತೆ. ಇವಳ ಪರೀಕ್ಷೆ ಇರಲ್ಲ.” ತಲೆಯೆತ್ತಲಿಲ್ಲ.

ಕೊನೆಯ ಗಂಟಿಗೆ ಎದುರು ಸೀಟಿನ ಹುಡುಗಿಯ ಬಣ್ಣವಿಲ್ಲದ ನೇಲ್ ಪಾಲಿಷ್ ಒಂದು ಹನಿ ಹಚ್ಚಿ, ಬೆಳಕಿಗೆ ಹಿಡಿದು, “ಪಾಸ್” ಅಂದಳು. ನಾನು ಕುಣಿದೆ. ಅವಳನ್ನು ಆವತ್ತು ಗೇಟಿನಿಂದಲೇ ಕಳಿಸಿದರು. ಮಾರನೇ ದಿನ ಅವಳ ಅರ್ಧ ವಯಸ್ಸಿನ ಸೂಪರ್‌ವೈಸರ್ ಎಲ್ಲರೆದುರು ನಿಲ್ಲಿಸಿ ಬೈದ. ಅಷ್ಟು ವರ್ಷ ಸಾವಿರ ತಪ್ಪು ಹಿಡಿದುಕೊಟ್ಟವಳು ಒಂದು ದಿನ ತಡವಾದದ್ದಕ್ಕೆ! ಇದು ನನಗೆ ಗೊತ್ತಾದದ್ದು ಮಾವನಿಂದ, ಅವಳು ತೀರಿಕೊಂಡ ಮೇಲೆ.

ಪದವಿ ಪತ್ರ ಬರುವ ಹೊತ್ತಿಗೆ ಬಟ್ಟೆಯ ಧೂಳು ಅತ್ತೆಯ ಎದೆಗಿಳಿದಿತ್ತು. ಕೆಮ್ಮುತ್ತಲೇ ಬೂದಿಕೋಟೆ ಬಸ್ಸು ಹತ್ತಿ ನಮ್ಮೂರಿಗೆ ಬಂದಳು. ಅಂಗಳದಲ್ಲಿ ಪತ್ರವನ್ನು ಅವಳ ಕೈಗೇ ಕೊಟ್ಟೆ. ಓದಲು ಬರುತ್ತಿರಲಿಲ್ಲ. ಹಿಂದೆ ಅಂಗೈ ಇಟ್ಟು, ಬೆರಳು ಅಗಲಿಸಿ, ಬಿಸಿಲಿಗೆ ಹಿಡಿದು, ಈ ಅಂಚಿನಿಂದ ಆ ಅಂಚಿನವರೆಗೆ ನೋಡಿದಳು. ಅಷ್ಟರಲ್ಲಿ ಚಿಕ್ಕಪ್ಪ ಡೇರಿಯ ನಾಲ್ಕು ಜನರನ್ನು ಕರೆದುಕೊಂಡು ಬಂದ. “ನಮ್ಮ ವಂಶದಾಗೆ ಮೊದಲನೇ ಡಿಗ್ರಿ! ಕೊಡಕ್ಕಾ, ಇಡ್ಕೊಂಡು ಒಂದು ಫೋಟೋ ತೆಗೆಸ್ಕೊತೀನಿ” ಎಂದು ಕೈ ಚಾಚಿದ.

ಅತ್ತೆಯನ್ನು ನಾನು ಕಡೆಯ ಸಲ ಕಂಡದ್ದು ಆವತ್ತೇ. ಪತ್ರವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಮೊದ್ಲು ಆ ಉಂಗುರ ಬಿಚ್ಚು ಕಣ್ಲಾ, ಆಮೇಲೆ ಮುಟ್ಟು.”