ಕಟ್ಟಿ ಕಾಕಾ ಮತ್ತು ಐದು ಚುಕ್ಕಿಯ ಮನೆ

ಕಟ್ಟಿ ಕಾಕಾ ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಷೇಮ ವಿಚಾರಿಸುತ್ತಿದ್ದರು. ಬಲಗೈ ಬೆರಳುಗಳ ಹಿಂಭಾಗವನ್ನು ಪಶ್ಚಿಮದ ಗೋಡೆಗೆ ಒತ್ತಿ, ಕಣ್ಣು ಮುಚ್ಚಿ, ಕೂಸಿನ ಹಣೆ ಮುಟ್ಟಿ ನೋಡುವ ತಾಯಿಯಂತೆ ನಿಲ್ಲುತ್ತಿದ್ದರು. ಆಮೇಲೆ ತೀರ್ಪು: “ಜ್ವರ ಅದ. ರಾತ್ರಿ ತನಕಾ ಇಳಿಯೂದಿಲ್ಲ.” ಇಷ್ಟಾದ ಮೇಲೆಯೇ ಚಹಾ, ಮನುಷ್ಯರ ಕ್ಷೇಮ, ಇತ್ಯಾದಿ.

ಧಾರವಾಡದವರು, ಮರಾಠಿ ಸೀಮೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ನಮ್ಮ ಎದುರು ಮನೆ. ಯಾವ ಕಟ್ಟಡ ಎಷ್ಟು ಕರೆಂಟು ನುಂಗುತ್ತದೆ ಎಂದು ತಪಾಸಣೆ ಮಾಡುವುದೇ ಅವರ ನೌಕರಿಯಾಗಿತ್ತು. ನಿವೃತ್ತಿಯಾದದ್ದು ನೌಕರಿ, ಕಾಕಾ ಅಲ್ಲ. ಸೊಸೈಟಿಯವರು ತಮ್ಮ ಸಂಬಳವನ್ನಾದರೂ ಅವರಿಗೆ ಹೇಳುತ್ತಿದ್ದರು, ಲೈಟ್ ಬಿಲ್ಲನ್ನು ಮಾತ್ರ ಮುಚ್ಚಿಡುತ್ತಿದ್ದರು. ವಾರ್ಷಿಕ ಸಭೆಯಲ್ಲಿ ಒಮ್ಮೆ, ಸೊಸೈಟಿಯ ವಿದ್ಯುತ್ ಖರ್ಚು ಇಳಿದಿದೆಯೆಂದು ಕಾರ್ಯದರ್ಶಿಗೆ ಅಭಿನಂದನಾ ಠರಾವು ಬಂತು. ಕಾಕಾ ಎದ್ದು ನಿಂತು, “ಮೆಟ್ಟಲದ ಮ್ಯಾಲಿನ ಬಲ್ಬ್ ಎಲ್ಲಾ ಹೋಗ್ಯಾವ. ಕತ್ತಲಿಗೆ ಯೂನಿಟ್ ಬೀಳೂದಿಲ್ಲರೀ” ಎಂದರು. ಠರಾವು ಅಲ್ಲಿಗೇ ಸ್ವರ್ಗಸ್ಥವಾಯಿತು.

ನಮ್ಮದು ಕೊನೆಯ ಅಂತಸ್ತು. ಒಂದು ಬೇಸಿಗೆಯಲ್ಲಿ ನನ್ನ ಜೊತೆಗೇ ಇರುವ ಕಮಲಕ್ಕ ಸೆಕೆಗೆ ಅಡುಗೆಮನೆಯಲ್ಲೇ ಎಚ್ಚರ ತಪ್ಪಿ ಬಿದ್ದಳು. ಇಂಥ ಇನ್ನೊಂದು ಬೇಸಿಗೆಯನ್ನು ಅವಳ ಹೃದಯ ತಡೆಯಲಾರದು ಎಂದರು ಡಾಕ್ಟರು. ಹೀಗೆ ಶುರುವಾಯಿತು ತಂಪು ಮನೆಯ ಶೋಧ. ನಿಗಡಿಯಲ್ಲಿ ಹೊಸ ಕಟ್ಟಡವೊಂದು ಸಿಕ್ಕಿತು. ಬಿಸಿಲು ತಡೆದು ಕರೆಂಟು ಉಳಿಸುವ ಕಟ್ಟಡವೆಂದು ಐದು ಚುಕ್ಕಿಯ ಪ್ರಮಾಣಪತ್ರವೇ ಇದೆಯಂತೆ! ಇಲ್ಲೂ ಕೊನೆಯ, ಏಳನೆಯ ಅಂತಸ್ತಾದರೂ ಅಕ್ಕನಿಗೆ ಒಪ್ಪಿಗೆಯಾಯಿತು. ಪಾಡ್ವಾದ, ಅಂದರೆ ನಮ್ಮ ಯುಗಾದಿಯ, ದಿನವೇ ಟೋಕನ್ ಹಣ ಕೊಡಬೇಕೆಂದು ಅವಳು ಆಜ್ಞೆ ಹೊರಡಿಸಿದಳು. ಕಾಕಾ ಕರೆಯದೆಯೇ ರಿಕ್ಷಾ ಹತ್ತಿದರು.

ಬಿಲ್ಡರನ ಆಫೀಸಿನ ಬಾಗಿಲಲ್ಲಿ ರೇಷ್ಮೆ ಸುತ್ತಿ ತಂಬಿಗೆ ಕವುಚಿದ ಹಬ್ಬದ ಕೋಲು, ಗುಡಿ, ಏರಿತ್ತು. ಒಳಗೆ ಗಣಪತಿ, ಪಕ್ಕದಲ್ಲಿ ಕಟ್ಟು ಹಾಕಿಸಿದ ಪ್ರಮಾಣಪತ್ರ. ಹಬ್ಬದ ಪೂಜೆಯಲ್ಲಿ ಇಬ್ಬರಿಗೂ ಚೆಂಡುಹೂವಿನ ಹಾರ ಬಿದ್ದಿತ್ತು. ಸೋಫಾದ ಮೇಲೆ ಪೇಡೆ ಡಬ್ಬಿ ಹಿಡಿದ ಇನ್ನೊಂದು ಕುಟುಂಬ ಅದೇ ಮನೆಗಾಗಿ ಕಾದಿತ್ತು. ಕಾಕಾ ಗಣಪತಿಗೆ ಕೈ ಮುಗಿದರು. ಪ್ರಮಾಣಪತ್ರಕ್ಕೂ ಅಷ್ಟೇ ಭಕ್ತಿಯಿಂದ ಕೈ ಮುಗಿದು, ಒಂದು ಬೆರಳಿನಿಂದ ಹಾರ ಎತ್ತಿದರು. ಕೆಳಗೆ ‘ಪ್ರಾವಿಜನಲ್’ ಎಂಬ ಪದ ನೆರಳಲ್ಲಿ ಆರಾಮವಾಗಿ ಮಲಗಿತ್ತು.

“ಕಾಕಾ, ಫೈವ್ ಸ್ಟಾರ್ ಆಹೆ ನಾ!” ಐದು ಚುಕ್ಕಿ ಇದೆಯಲ್ಲ, ಎಂದರು ಮಾರಾಟದ ಮೇಡಮ್.

ಕಟ್ಟಡ ಮುಗಿದ ಮೇಲೆ ಬಂದು ನೋಡಿ ಕೊಡುವ ಅಂತಿಮ ಪ್ರಮಾಣಪತ್ರ ಎಲ್ಲಿ ಎಂದು ಕಾಕಾ ಮರಾಠಿಯಲ್ಲಿ ಕೇಳಿದರು.

“ಯೇಯೀಲ್ ಕಾಕಾ, ಯೇಯೀಲ್.” ಬರುತ್ತದಂತೆ.

ಕಾಕಾ ನನ್ನ ಫೋನಿನಲ್ಲಿ ಚುಕ್ಕಿ ಕೊಟ್ಟ ಸಂಸ್ಥೆಯ ವೆಬ್‌ಸೈಟ್ ತೆಗೆಸಿದರು. ನೋಂದಣಿಯಾದವರ ನಡುವೆ ಈ ಕಟ್ಟಡವಿತ್ತು. ಅಂತಿಮ ಪರೀಕ್ಷೆ ಪಾಸಾದವರಲ್ಲಿ ಇರಲಿಲ್ಲ.

ಅಕ್ಕ ಸಿಡಿದಳು. “ಹಬ್ಬದ ದಿನಾ ಏನ್ರಿ ಕಟ್ಟಿಯವರ ನಿಮ್ಮ ಅಪಶಕುನ! ಆ ಪೇಡೆ ಡಬ್ಬಿಯವರು ಮನಿ ಹೊಡಕೊಂಡು ಹೋಗ್ತಾರ.”

“ಕಮಲಾಬಾಯಿ, ಇದು ನಕಾಶಿಗೆ ಕೊಟ್ಟ ಚುಕ್ಕಿ ರೀ. ಕೂಸು ಹುಟ್ಟೂಕಿಂತ ಮೊದಲ ಬರದ ಕುಂಡಲಿ. ಹುಟ್ಟಿದ ಕೂಸಿನ ಮಾರಿ ನೋಡಿಬರೂಣು, ನಡೀರಿ.”

ಮಧ್ಯಾಹ್ನದ ಉರಿ ಹೊತ್ತಿನಲ್ಲಿ ತಾರಸಿ ಹತ್ತಿದೆವು. ನಕಾಶೆಯ ಪ್ರಕಾರ ತಾರಸಿಗೆ ಬಿಸಿಲು ಹಿಂದೂಡುವ ಬಿಳಿ ಫರಶಿ ಕಲ್ಲು. ಕಣ್ಣಿಗೆ ಕಂಡದ್ದು ಬಂಡೆಯಂತೆ ಕಾದ ಕರಿ ಡಾಂಬರು. ಕೆಳಗಿಳಿದು ಮಲಗುವ ಕೋಣೆಗೆ ಬಂದೆವು. ಕಾಕಾ ಕಿಟಕಿ ಮುಚ್ಚಿದರು.

“ಯಾರೂ ಮಾತಾಡಬ್ಯಾಡ್ರಿ. ಸುಮ್ಮ ನಿಲ್ಲರಿ.”

ನಿಂತೆವು. ಮೇಡಮ್ ಐದು ಚುಕ್ಕಿ ಅಚ್ಚಾದ ಕರಪತ್ರದಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು. ಅಕ್ಕ ಹಟದಿಂದ ಸೂರು ನೋಡುತ್ತಿದ್ದಳು. ಅವಳ ಮೇಲ್ದುಟಿಯಲ್ಲಿ ಬೆವರು ಮೂಡಿತು, ಕೆನ್ನೆಯ ಬಣ್ಣ ಇಳಿಯಿತು, ಕೈ ಬಾಗಿಲ ಚೌಕಟ್ಟನ್ನು ಹುಡುಕಿತು. ಅಡುಗೆಮನೆಯಲ್ಲಿ ಬಿದ್ದ ದಿನವೂ ಮುಖ ಹೀಗೆಯೇ ಇತ್ತು. ನಾನು ಮುಂದೆ ಬರುವಷ್ಟರಲ್ಲಿ ಕಾಕಾ ಕಿಟಕಿಯನ್ನು ದಡಾರನೆ ತೆರೆದು ಅವಳ ತೋಳು ಹಿಡಿದಿದ್ದರು.

ಅಕ್ಕ ಉಸಿರು ಸುಧಾರಿಸಿಕೊಂಡು ನನ್ನ ಕಡೆ ತಿರುಗಿದಳು. “ಚೆಕ್ಕು ಕಿಸೆದಾಗ ಇಡೋ, ಶ್ರೀಧರಾ.”

ಲಿಫ್ಟಿನಲ್ಲಿ ಕಾಕಾ ನೆಲ ನೋಡುತ್ತ, “ತಪ್ಪಾತ್ರಿ ಕಮಲಾಬಾಯಿ. ಬಾಯಿಲೇ ಹೇಳಬೇಕಿತ್ತು” ಎಂದರು.

“ಬಾಯಿಲೇ ಹೇಳಿದ್ರ ನಾ ಎಲ್ಲಿ ಕೇಳತಿದ್ದೆ?”

ಪೇಡೆ ಡಬ್ಬಿಯವರಿಗೂ ಕಾಕಾ ಅದೇ ಕೋಣೆ ನೋಡಿ ಬರಲು ಹೇಳಿದರು. ಅವರು ನಕ್ಕು, ಪೇಡೆ ಕೊಟ್ಟರು.

ಕೋಥರೂಡದಲ್ಲೇ, ಒಂದು ಹಳೆಯ ಕಟ್ಟಡದ ಮೊದಲ ಅಂತಸ್ತಿನಲ್ಲಿ ಮನೆ ಹಿಡಿದೆವು. ದಪ್ಪ ಗೋಡೆ, ಪಶ್ಚಿಮಕ್ಕೆ ಬೇವಿನ ಮರ. ಚುಕ್ಕಿ ಒಂದೂ ಇಲ್ಲ. ಕಾಕಾ ಈಗಿಲ್ಲ. ಮನೆ ಹಿಡಿದ ಮರುವರ್ಷ ಮಳೆ ಹಿಡಿಯುವ ಮೊದಲೇ, ಒಂದು ಮುಂಜಾನೆ, ಯಾರಿಗೂ ತೊಂದರೆ ಕೊಡದೆ ಹೋದರು. ನಾನು ಅವರನ್ನು ಕೊನೆಗೆ ಕಂಡದ್ದು ಆ ಏಪ್ರಿಲ್‌ನಲ್ಲಿ, ಈ ಮನೆಯಲ್ಲೇ. ಅಕ್ಕನ ಜೊತೆ ಯಾವುದೋ ಉಪ್ಪಿನಕಾಯಿಯ ವಾದ ನಡೆದಿತ್ತು. ಕರೆಂಟು ಹೋಗಿ ಫ್ಯಾನ್ ನಿಂತರೂ ಕೋಣೆ ತಂಪಾಗಿಯೇ ಉಳಿಯಿತು. ಅಕ್ಕ ಚಹಾ ತರುವಷ್ಟರಲ್ಲಿ ಪ್ರತಿವಾದಿ ಕಾಕಾ ಬಾಯಿ ಅರ್ಧ ತೆರೆದು, ಕುರ್ಚಿಯಲ್ಲೇ ಗಾಢ ನಿದ್ರೆಗೆ ಜಾರಿದ್ದರು. ಎಬ್ಬಿಸಲು ಕೈ ಚಾಚಿದೆ.

“ಮಲಗಲಿ ಬಿಡೋ,” ಎಂದಳು ಅಕ್ಕ. ಕಪ್ಪಿನ ಮೇಲೆ ಬಶಿ ಮುಚ್ಚಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.