ವೀಸಾ ಬರುವ ಮೊದಲೇ ಹೋಗಿಬಿಟ್ಟವಳು

ವಿಯೆಟ್ನಾಮಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಾಗ ನನಗೆ ನಲವತ್ತನಾಲ್ಕು ವರ್ಷ. ನಾಗಪುರದ ಹತ್ತಿರದ ಕೋರಾಡಿಯ ವಿದ್ಯುತ್ ಕೇಂದ್ರದ ಕಾಲೊನಿಯಲ್ಲಿ ನಮ್ಮ ಮನೆ. ಗಂಡನಿಗೆ ಅಲ್ಲಿಯೇ ಪಾಳಿಯ ಕೆಲಸ. ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದಳು. ಹೀಗಾಗಿ ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ. ಅತ್ತೆ ಬಾಗಲಕೋಟೆ ಕಡೆಯವರು. ಮೂವತ್ತು ವರ್ಷ ನಾಗಪುರದ ನೀರು ಕುಡಿದರೂ ಅವರ ಮರಾಠಿಯಲ್ಲಿ ಅರ್ಧಕ್ಕರ್ಧ ಕನ್ನಡವೇ ಇರುತ್ತದೆ, ಆದರೂ ಎಲ್ಲರಿಗೂ ಅರ್ಥವಾಗುತ್ತದೆ.

ಹದಿನೇಳು ವರ್ಷ ನಾನು ಬೇರೆ ಬೇರೆ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ್ದೆ. ಎಲ್ಲ ಕಡೆಯೂ ವರ್ಷದ ಲೆಕ್ಕದ ನೇಮಕ. ಪ್ರತಿ ಏಪ್ರಿಲ್‌ನಲ್ಲಿ ಕೆಲಸ ಮುಗಿಯುತ್ತಿತ್ತು, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದೆ. ಒಮ್ಮೆ ಸುಮ್ಮನೆ ಇಂಟರ್ನೆಟ್ಟಿನಲ್ಲಿ ಅರ್ಜಿ ಹಾಕಿದೆ, ಸಂದರ್ಶನ ಕೊಟ್ಟೆ, ಎರಡು ವರ್ಷಕ್ಕೆ ಬನ್ನಿ ಎಂದು ಪತ್ರ ಬಂತು. ಗಂಡ ಪತ್ರವನ್ನು ಎರಡು ಸಲ ಓದಿ, "ಹೋಗಿ ಬಾ. ಎರಡು ವರ್ಷ ಹಂಗ ಹೋಗಿಬಿಡ್ತಾವ," ಎಂದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಜ್ವಾಳ ಸಿಗ್ತಾವೇನು?"

"ಇಲ್ರಿ ಅತ್ತಿ, ಬರೇ ಅಕ್ಕಿ."

"ಅಕ್ಕಿ ತಿಂದು ಬದುಕಿದವ್ರು ಭಾಳ ಮಂದಿ ಅದಾರ. ಹೋಗು."

ಜುಲೈನಲ್ಲಿ ಸೇರಬೇಕಿತ್ತು. ಅದಕ್ಕೇ ಏಪ್ರಿಲ್ ಕೊನೆಗೆ ಶಾಲೆಯಲ್ಲಿ ಶಾಲು ಹೊದೆಸಿ ತೆಂಗಿನಕಾಯಿ ಕೊಟ್ಟು ಬೀಳ್ಕೊಟ್ಟರು. ಕಾಲೊನಿಯ ಹೆಂಗಸರು ಒಂದು ಸಂಜೆ ಸೇರಿ ಉಡಿ ತುಂಬಿ, ಒಂದು ಮಡಚುವ ಕೊಡೆಯನ್ನೂ ಸೂಟ್‌ಕೇಸಿಗೆ ಹಾಕುವ ನೇರಳೆ ಬಣ್ಣದ ಗವಸನ್ನೂ ಕೊಟ್ಟರು. ಎದುರು ಮನೆಯ ಕಾಕು ಮಾತಾಡಲು ಎದ್ದವರು ಅಳುತ್ತಾ ಕೂತುಬಿಟ್ಟರು. ಹದಿನೈದು ವರ್ಷಗಳಿಂದ ನಮ್ಮ ಬಾಗಿಲಿಗೆ ಅವರ ಬಾಗಿಲು ಎದುರು. ನನಗಿಂತ ಹತ್ತು ವರ್ಷ ದೊಡ್ಡವರು, ಮರಾಠಿಯವರು; ಕಾಕು ಎಂದರೆ ಚಿಕ್ಕಮ್ಮ. ನನ್ನ ಮಗಳು ಶಾಲೆಯಿಂದ ಬಂದರೆ ಮೊದಲು ಚಪ್ಪಲಿ ಬಿಡುತ್ತಿದ್ದದ್ದು ಅವರ ಮನೆಯ ಮುಂದೆ.

ಆದರೆ ವೀಸಾ ಬರಲಿಲ್ಲ. ನನ್ನ ಬಿ.ಎ. ಸರ್ಟಿಫಿಕೇಟಿನಲ್ಲಿ ತವರಿನ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯದು. ದೃಢೀಕರಣಕ್ಕೆಂದು ಮುಂಬೈಗೆ ಹೋದ ಕಾಗದ ಹಾಗೆಯೇ ತಿರುಗಿ ಬಂತು. ಅಫಿಡವಿಟ್ ಮಾಡಿಸಿ ಮತ್ತೆ ಕಳಿಸಿದೆ. ಅದು ಬಂದ ಮೇಲೆ, ನನ್ನ ಮೇಲೆ ಯಾವ ಕೇಸೂ ಇಲ್ಲ ಎಂಬ ಪೊಲೀಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಬೇಕು, ಅದು ಬಂದ ಮೇಲೆ ಅಲ್ಲಿಯವರ ಕೆಲಸದ ಪರವಾನಗಿ, ಆಮೇಲೆ ವೀಸಾ. ಜುಲೈಗೆ ಆಗದಿದ್ದರೆ ಅಕ್ಟೋಬರಿನವರೆಗೆ ಕಾಯುತ್ತೇವೆ ಎಂದು ಆ ಶಾಲೆಯವರು ಬರೆದರು. ಅವರಿಗೆ ನಾನು ಇವತ್ತಿಗೂ ಋಣಿ.

ಕಾಲೊನಿಯಲ್ಲಿ ಮಾತ್ರ ನನಗೆ ತಲೆ ಎತ್ತಿ ಓಡಾಡಲು ಆಗಲಿಲ್ಲ. ಹಾಲಿನ ಬೂತಿನಲ್ಲಿ ಒಬ್ಬರು ಹಿಂದಿಯಲ್ಲಿ, ತರಕಾರಿ ಗಾಡಿಯ ಹತ್ತಿರ ಇನ್ನೊಬ್ಬರು ಮರಾಠಿಯಲ್ಲಿ, ಗೇಟಿನ ಕಾವಲುಗಾರ ಎರಡೂ ಸೇರಿಸಿ ಕೇಳುತ್ತಿದ್ದರು: "ಮ್ಯಾಡಮ್, ಇನ್ನೂ ಹೋಗಿಲ್ವಾ?" ಎದುರು ಬಾಗಿಲಿನಿಂದ ಕಾಕುವೂ ದಿನವೂ ಅದನ್ನೇ ಕೇಳುತ್ತಿದ್ದರು. ಕಾಲೊನಿಯವರು ಕೊಟ್ಟ ಕೊಡೆ, ಅವರು ತುಂಬಿದ ಉಡಿ. ಮೋಸ ಮಾಡಿ ಇಸಿದುಕೊಂಡೆನೇನೋ ಎಂಬಂತೆ ನಾಚಿಕೆಯಾಗುತ್ತಿತ್ತು. ಮೇ ತಿಂಗಳ ಮಧ್ಯಾಹ್ನ, ನಾಗಪುರದಲ್ಲಿ ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಅಂಗಡಿಗೆ ಹೋಗತೊಡಗಿದೆ. ಬಿಸಿಲಿಗೆ ಎಲ್ಲ ಹೆಂಗಸರೂ ಹಾಗೆಯೇ ಸುತ್ತಿಕೊಳ್ಳುತ್ತಾರೆ, ಯಾರಿಗೂ ಗುರುತು ಸಿಗಲಿಕ್ಕಿಲ್ಲ ಎಂದುಕೊಂಡಿದ್ದೆ. ನಡಿಗೆಯ ಮೇಲೆಯೇ ಗುರುತು ಹಿಡಿದರು.

ಜೂನ್ ಮೊದಲ ವಾರದಲ್ಲಿ ಪೊಲೀಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿದೆ. ಆಗಲೇ ನಾಗಪುರದ ಲಕ್ಷ್ಮೀ ನಗರದಲ್ಲಿರುವ ನನ್ನ ಅಕ್ಕ, "ಹತ್ತು ದಿನ ನನ್ನ ಕಡೆ ಬಂದಿರು, ತಲಿ ಹಗುರ ಆಗ್ತೈತಿ," ಎಂದಳು. ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಯಾರೂ ನೋಡಲಿಲ್ಲ. ಹತ್ತು ದಿನ ಮುಗಿದು, ನಾಳೆ ಬರುತ್ತೇನೆ ಎಂದು ಗಂಡನಿಗೆ ಫೋನ್ ಮಾಡಿದೆ.

"ಈಗ ಬರಬ್ಯಾಡ," ಎಂದರು.

"ಯಾಕ್ರೀ?"

"ನೀ ವಿಯೆಟ್ನಾಮಿಗೆ ಹೋಗೀದಿ."

ನಾನು ಹೊರಟ ದಿನ ಕಾಕು ನಮ್ಮ ಬಾಗಿಲಲ್ಲಿ ನಿಂತು ಅತ್ತೆಯನ್ನು "ಗೇಲೀ ಕಾ?", ಹೋದಳಾ, ಎಂದು ಕೇಳಿದ್ದರಂತೆ. ಅತ್ತೆ "ಗೇಲೀ" ಎಂದಿದ್ದರು. ಸಂಜೆಯ ಹೊತ್ತಿಗೆ ಅದು ಇಡೀ ಕಾಲೊನಿಗೆ ಹರಡಿತ್ತು. ಮರುದಿನ ಕೆಲಸದ ಜಾಗದಲ್ಲಿ ಎಲ್ಲರೂ ಬಂದು ನನ್ನ ಗಂಡನ ಕೈ ಕುಲುಕಿದರು. ತಾಯಿ ಸುಳ್ಳು ಹೇಳಿದ್ದಾಳೆ ಎನ್ನಲು ಬಾಯಿ ಬರದೆ ಅವರು "ಥ್ಯಾಂಕ್ ಯೂ" ಎನ್ನುತ್ತಾ ನಿಂತಿದ್ದರಂತೆ.

ನನಗೆ ಸಿಟ್ಟು ಬಂತು. ಅತ್ತೆಗೆ ಫೋನ್ ಕೊಡಿರಿ ಎಂದೆ.

"ನಾ ಎಲ್ಲಿ ಸುಳ್ಳು ಹೇಳೀನಿ? ಹೋದ್ಲೇನು ಅಂದ್ಲು, ಹೋದ್ಲು ಅಂದೆ. ನೀ ಹೋಗಿದ್ದಿಲ್ಲೇನು, ನಿಮ್ಮ ಅಕ್ಕನ ಮನಿಗೆ?" ಎಂದವರು, ಆಮೇಲೆ ದನಿ ಇಳಿಸಿದರು. "ನೀ ಮಾರಿಗೆ ಬಟ್ಟಿ ಸುತಗೊಂಡು ಮಟಮಟ ಬಿಸಲಾಗ ಕಾಯಿಪಲ್ಲೆ ತರಾಕ ಹೋಗೂದು ನನಗ ನೋಡಾಕ ಆಗಲಿಲ್ಲವಾ."

ಕಟ್ಟಿಟ್ಟಿದ್ದ ಚೀಲವನ್ನು ನಾನು ಮತ್ತೆ ಬಿಚ್ಚಿದೆ.

ಹೀಗೆ ಅಕ್ಕನ ಮನೆಯ ಹತ್ತು ದಿನ ಐದು ವಾರವಾಯಿತು. ಭಾನುವಾರ ಗಂಡ ಬಸ್ಸು ಹತ್ತಿ ಬರುತ್ತಿದ್ದರು. ಅತ್ತೆ ಬಡಿದ ರೊಟ್ಟಿಗಳು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದವು, ಜೊತೆಗೆ ಕಾಲೊನಿಯ ಸುದ್ದಿಯೂ. ನಾನು ಅಲ್ಲಿ ಹೇಗಿದ್ದೇನೆ ಎಂದು ಜನ ಕೇಳಿದರೆ ಅತ್ತೆ, "ಭಾಳ ಮಳಿ ಅಂತ ಅಲ್ಲಿ," ಎಂದು ಹೇಳುತ್ತಿದ್ದರಂತೆ. ಅದೂ ಸುಳ್ಳಲ್ಲ. ಲಕ್ಷ್ಮೀ ನಗರದಲ್ಲಿ ಆ ವಾರ ಮಳೆ ಸುರಿಯುತ್ತಲೇ ಇತ್ತು. ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮದುವೆಯಾದ ಮೇಲೆ ಅವಳ ಜೊತೆ ಅಷ್ಟು ದಿನ ಒಂದೇ ಮನೆಯಲ್ಲಿ ಇದ್ದದ್ದು ಅದೇ ಮೊದಲು. ಅಕ್ಕ ಕೆಲಸಕ್ಕೆ ಹೋದಾಗ ನಾನು ಅವಳ ಅಡುಗೆಮನೆಯ ಗೋಡೆಗೆ ಎದುರಾಗಿ ನಿಂತು ಪಾಠ ಮಾಡಿ ಅಭ್ಯಾಸ ಮಾಡುತ್ತಿದ್ದೆ, ನಿಧಾನವಾಗಿ, ಒಂದೂ ಹೆಚ್ಚಿನ ಶಬ್ದವಿಲ್ಲದೆ. ಏನೂ ಇಂಗ್ಲಿಷ್ ಬಾರದ ಮಕ್ಕಳಿಗೆ ಕಲಿಸಬೇಕಿತ್ತಲ್ಲ.

ಆದರೆ ಪೊಲೀಸ್ ಸರ್ಟಿಫಿಕೇಟು ಬರಲಿಲ್ಲ. ಜುಲೈ ನಡುವೆ ಗಂಡ ಠಾಣೆಗೆ ಹೋಗಿ ವಿಚಾರಿಸಿದರು. ಆ ಸಂಜೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದರು. ಒಂದು ಮಂಗಳವಾರ ಕಾನ್‌ಸ್ಟೆಬಲ್ ನಮ್ಮ ವಿಳಾಸಕ್ಕೆ ವಿಚಾರಣೆಗೆ ಬಂದಿದ್ದ. ಗಂಡ ಪಾಳಿಯಲ್ಲಿದ್ದರು. ನನ್ನ ವೀಸಾ ಬೇಗ ಬರಲಿ ಎಂದು ಬೇಡಿಕೊಳ್ಳಲು ಅತ್ತೆ ಕೋರಾಡಿಯ ದೇವಿಯ ಗುಡಿಗೆ ಹೋಗಿದ್ದರು. ಬೀಗ ನೋಡಿ ಆತ ಎದುರು ಮನೆಯ ಬೆಲ್ ಒತ್ತಿದ್ದ. ಕಾಕು ಬಹಳ ಹೆಮ್ಮೆಯಿಂದ, "ಮ್ಯಾಡಮ್ ಪರದೇಶಕ್ಕೆ ಹೋಗಿ ತಿಂಗಳಾಯಿತಲ್ಲ," ಎಂದಿದ್ದರು. ಅರ್ಜಿದಾರರು ಈ ವಿಳಾಸದಲ್ಲಿ ಇಲ್ಲ ಎಂದು ಆತ ಬರೆದುಕೊಂಡು ಹೋಗಿದ್ದ. ಆತನ ತಪ್ಪೇನೂ ಇರಲಿಲ್ಲ.

ನಾನು ಅಂದೇ ಆಟೊ ಹಿಡಿದು ಮನೆಗೆ ಬಂದೆ. ಊಟದ ಹೊತ್ತಿಗೆ ಗಂಡ ತಾಯಿಗೆ ವಿಷಯ ತಿಳಿಸಿದರು. ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿಯುತ್ತಾ ಮುರಿಯುತ್ತಾ ಪುಡಿ ಮಾಡಿದರು, ತಿನ್ನಲಿಲ್ಲ. "ನನ್ನಿಂದ ಇಕೀ ಕೆಲಸ ಹೋತೇನು?" ಎಂದು ಒಮ್ಮೆ ಕೇಳಿದರು. ಇಲ್ಲ ಎಂದು ಇಬ್ಬರೂ ಹೇಳಿದೆವು, ಆದರೆ ನಮಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಇಳಕಲ್ ಸೀರೆ ಉಟ್ಟು ತಯಾರಾಗಿದ್ದರು. "ನಡಿ, ಠಾಣೆಕ್ಕ ಹೋಗೂಣು. ನಾನ ಹೇಳ್ತೀನಿ."

ಠಾಣೆಯಲ್ಲಿ ಇದ್ದದ್ದು ಒಬ್ಬ ಮಹಿಳಾ ಅಧಿಕಾರಿ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಕನ್ನಡ ಬೆರೆತ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ಬೀಳ್ಕೊಡುಗೆ, ಬಿಸಿಲು, ದುಪಟ್ಟಾ, ಕಾಕು ಕೇಳಿದ್ದು, ತಾವು ಹೇಳಿದ್ದು. ಒಂದನ್ನೂ ಬಿಡಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು.

"ಅಂದರೆ ಆಜಿ, ನೀವು ಸುಳ್ಳು ಹೇಳಿದಿರಿ."

"ಹೌದವಾ," ಎಂದರು ಅತ್ತೆ. ನನ್ನ ಮುಂದೆ ಮಾಡಿದ ವಾದವನ್ನು ಅಲ್ಲಿ ಮಾಡಲಿಲ್ಲ. "ಶಿಕ್ಷಾ ಕೊಡೂದಿದ್ರ ನನಗ ಕೊಡು. ಇಕೀದು ಕಾಗದ ಮಾಡಿಕೊಡು."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, ಅತ್ತೆಗೆ ಚಹಾ ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಅರ್ಜಿಯನ್ನು ಮತ್ತೆ ತೆರೆಸಲು ಏನು ಬರೆದುಕೊಡಬೇಕೆಂದು ವಿವರಿಸಿದರು. ನಾನು ಆ ಮನೆಯಲ್ಲಿಯೇ ಇದ್ದೇನೆ ಎಂದು ನೆರೆಹೊರೆಯ ಇಬ್ಬರು ಖುದ್ದಾಗಿ ಬಂದು ಸಹಿ ಮಾಡಬೇಕು ಎಂದರು.

ನೆರೆಹೊರೆ ಎಂದರೆ ಮೊದಲು ಕಾಕು.

ಅತ್ತೆಯೇ ಹೋಗಿ ಬೆಲ್ ಒತ್ತಿದರು. ಬಾಗಿಲು ತೆರೆದ ಕಾಕು ಅತ್ತೆಯ ಹಿಂದೆ ನಿಂತ ನನ್ನನ್ನು ನೋಡಿ ಒಮ್ಮೆ ಬಾಯಿಗೆ ಕೈ ಹಿಡಿದರು. ಏನೋ ಆಗಬಾರದ್ದು ಆಗಿ ವಾಪಸು ಬಂದಿದ್ದೇನೆ ಎಂದುಕೊಂಡರಂತೆ. ಅತ್ತೆ ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿದರು. ನಗುತ್ತಾರೆ ಎಂದು ನಾನು ಕಾದೆ. ನಗಲಿಲ್ಲ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹದಿನೈದು ವರ್ಷ ಎದುರಿಗಿದ್ದು, ಹೋಗುವಾಗ ಬಾಗಿಲು ತಟ್ಟಿ ಒಂದು ಮಾತು ಹೇಳಲಿಲ್ಲವಲ್ಲ ಅಂತ ಎಷ್ಟು ದಿನ ಸಂಕಟಪಟ್ಟೆ ಗೊತ್ತಾ ನಿನಗೆ? ನನ್ನಿಂದ ಏನು ತಪ್ಪಾಯಿತು ಅಂತ ಯೋಚನೆ ಮಾಡಿದೆ. ನೀನು ಒಯ್ಯಲಿ ಅಂತ ನಿಂಬೆಹಣ್ಣಿನ ಉಪ್ಪಿನಕಾಯಿ ಬೇರೆ ಬರಣಿಯಲ್ಲಿ ಹಾಕಿಟ್ಟಿದ್ದೆ. ಹೋದಳು ಅಂದರು. ನಾವೇ ತಿಂದೆವು."

ನನಗೆ ಅಲ್ಲಿಯವರೆಗೆ ಇದು ಹೊಳೆದೇ ಇರಲಿಲ್ಲ. ಇನ್ನೂ ಹೋಗಿಲ್ವಾ ಎಂದು ಕೇಳಿದವರೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರಲ್ಲಿ ಒಬ್ಬರು ದಿನವೂ ಕೇಳಿದ್ದು ಬರಣಿ ಯಾವಾಗ ಕೊಡಬೇಕು ಎಂದು ತಿಳಿಯಲಿಕ್ಕೆ. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. "ತಪ್ಪಾಯ್ತು ಕಾಕು." ಅವರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, "ನಡಿ, ಎಲ್ಲಿ ಸಹಿ ಮಾಡಬೇಕು?" ಎಂದರು.

ಎರಡನೆಯ ಸಹಿ ಮೇಲಿನ ಮನೆಯ ಹಿರಿಯರದು. ನನ್ನ ಗಂಡನ ಜೊತೆ ಕೆಲಸ ಮಾಡುವವರು, ನಿವೃತ್ತಿಗೆ ಹತ್ತಿರವಾಗಿದ್ದರು. ಅವರು ಬಾಗಿಲು ತೆಗೆದದ್ದೇ ಹಿಂದಿಯಲ್ಲಿ, "ಅರೆ ಮ್ಯಾಡಮ್, ಯಾವಾಗ ವಾಪಸ್ ಬಂದಿರಿ? ಅಲ್ಲಿ ಊಟ ಹಿಡಿಸಲಿಲ್ಲವಾ?" ಎಂದರು. ಅತ್ತೆ ಮತ್ತೆ ಮೊದಲಿನಿಂದ ಹೇಳಿದರು. ಅಂದು ನಾಲ್ಕು ಜನ ಎರಡು ಆಟೊಗಳಲ್ಲಿ ಠಾಣೆಗೆ ಹೋದೆವು.

ಸರ್ಟಿಫಿಕೇಟು ಬರಲು ಮತ್ತೆ ಹದಿನೈದು ದಿನ ಹಿಡಿಯಿತು. ಅದನ್ನು ವಿಯೆಟ್ನಾಮಿನ ಶಾಲೆಗೆ ಕಳಿಸಿ ಪರವಾನಗಿಗಾಗಿ ಕಾಯುತ್ತಾ ಆಗಸ್ಟ್ ಕಳೆಯಿತು. ಆ ತಿಂಗಳು ನಾನು ಮುಖ ಮುಚ್ಚಿಕೊಳ್ಳಲಿಲ್ಲ. ಗೇಟಿನ ಕಾವಲುಗಾರ ಕೇಳಿದರೆ ಯಾವ ಕಾಗದ ಎಲ್ಲಿ ಕೂತಿದೆ ಎಂದು ಹೇಳುತ್ತಿದ್ದೆ. ಆತ ಮರುದಿನ ಅಲ್ಲಿಂದಲೇ ಮುಂದುವರಿಸುತ್ತಿದ್ದ. ಮೇಲಿನ ಮನೆಯ ಹಿರಿಯರು ತಮ್ಮ ವರ್ಗಾವಣೆಯ ಆದೇಶ ಎರಡು ವರ್ಷ ಒಂದು ಕಪಾಟಿನಲ್ಲಿ ಕೂತಿದ್ದ ಕಥೆ ಹೇಳಿದರು. ಹಾಲಿನ ಬೂತಿನ ಹೆಂಗಸು, ಮಗನ ಜಾತಿ ಪ್ರಮಾಣಪತ್ರಕ್ಕೆ ತಾನು ಅಲೆದ ಕಥೆ ಹೇಳಿದಳು. ಹಾಲು ಕಾಯಿಸಲು ಹೊತ್ತಾದರೂ ನಾನು ನಿಂತು ಕೇಳುತ್ತಿದ್ದೆ.

ವೀಸಾ ಬಂದದ್ದು ಸೆಪ್ಟೆಂಬರಿನಲ್ಲಿ, ಕಾಕು ಮನೆಯಲ್ಲಿ ಗಣಪತಿ ಹಬ್ಬದ ಹೊತ್ತಿಗೆ ಕೂರಿಸುವ ಜೋಡಿ ಮಹಾಲಕ್ಷ್ಮಿಯರ ಹಬ್ಬ ಮುಗಿದ ಮಧ್ಯಾಹ್ನ. ದೇವಿಯರಿಗೆ ಉಡಿಸಿದ್ದ ಸೀರೆಗಳನ್ನು ನಾನೂ ಕಾಕುವೂ ಎರಡು ತುದಿ ಹಿಡಿದು ಮಡಚುತ್ತಿದ್ದೆವು. ಅತ್ತೆ ಪಕ್ಕದಲ್ಲಿ ಕುಳಿತು ಉಳಿದ ಪುರಣದ ಹೋಳಿಗೆಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಫೋನ್ ಸದ್ದು ಮಾಡಿತು. ನೋಡಿದೆ. "ಬಂತು," ಎಂದೆ. ಕಾಕು ಸೀರೆಯ ತುದಿ ಬಿಟ್ಟು ಚಪ್ಪಾಳೆ ತಟ್ಟಿದರು. ಅತ್ತೆ ಡಬ್ಬಿಯ ಮುಚ್ಚಳ ಹಾಕಿ, ಎದ್ದು ಮನೆಗೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಕೆಂಪಾಗಿದ್ದವು.

"ಹೋಗಬ್ಯಾಡ ಅನಸ್ತೈತೇನ್ರಿ ಅತ್ತಿ?"

"ಅನಸ್ತೈತಿ," ಎಂದರು. "ಅದಕ್ಕ ಹೇಳೂದಿಲ್ಲ."

ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಮದುವೆಯಾಗಿ ಬಂದ ಮೇಲೆ ಆ ಹೆಂಗಸಿನ ಜೊತೆ ನಾನು ಎಷ್ಟೋ ಸಲ ಜಗಳವಾಡಿದ್ದೇನೆ, ಎಷ್ಟೋ ದಿನ ಮಾತು ಬಿಟ್ಟಿದ್ದೇನೆ. ಅಂದು ಅವರ ಕೈ ಹಿಡಿದುಕೊಂಡು ಕುಳಿತಾಗ, ನನಗಾಗಿ ಊರಿಗೆಲ್ಲ ಸುಳ್ಳು ಹೇಳಿ, ಮತ್ತೆ ನನಗಾಗಿಯೇ ಮನೆ ಮನೆಗೆ ಹೋಗಿ ಅದನ್ನು ಒಪ್ಪಿಕೊಂಡವರು ಇವರೊಬ್ಬರೇ ಎಂದು ಅನಿಸಿತು. ನನ್ನ ತವರಿನವರೂ ಅಷ್ಟು ಮಾಡುತ್ತಿದ್ದರೋ ಇಲ್ಲವೋ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಗಂಡ, ಅತ್ತೆ, ಅಕ್ಕ, ಕಾಕು ನಾಲ್ವರೂ ಬಂದರು. ಕಾಕು ಅಲ್ಲಿಗೆ ಬಂದದ್ದು ಅದೇ ಮೊದಲ ಸಲ. ಒಳಗೆ ಬಿಡುವುದಿಲ್ಲ ಎಂದು ತಿಳಿದು ಕಾವಲಿನವನ ಜೊತೆ ವಾದ ಮಾಡಿದರು. ಗಂಡ ಪಾಸ್‌ಪೋರ್ಟು ಇದೆಯಾ ಎಂದು ಮೂರು ಸಲ ಕೇಳಿದರು. ಅತ್ತೆ ನನ್ನ ಗಲ್ಲ ಸವರಿ, "ಉಣ್ಣೂದು ಬಿಡಬ್ಯಾಡ," ಎಂದರು. ನಾನು ಒಳಗೆ ಹೋಗಿ ಗಾಜಿನಾಚೆ ತಿರುಗಿ ನೋಡಿದಾಗ ಅತ್ತೆ ಕಾಕುವಿನ ತೋಳು ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಕಾಕು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ತಲೆಯಾಡಿಸುತ್ತಿದ್ದರು. ನಾನು ಕೈ ಬೀಸಿದೆ. ನಾಲ್ವರೂ ಕೈ ಬೀಸಿದರು.